ಕರಾವಳಿಯ ಅಂಗಳಕ್ಕೆ ಬೆಂಟ್‌ಗ್ರಾಸ್ ಬೇಡ, ಗರಿಕೆ ಸಾಕು

ಗಾಲ್ಫ್ ಮೈದಾನದ ಬೆಂಟ್‌ಗ್ರಾಸ್ (ಅಗ್ರೋಸ್ಟಿಸ್ ಸ್ಟೊಲೊನಿಫೆರಾ) ಯುರೋಪಿನ ಹೊಳೆದಂಡೆ, ತೇವದ ಹುಲ್ಲುಗಾವಲುಗಳಲ್ಲಿ ತಾನಾಗಿ ಹಬ್ಬುವ ಬಹುವಾರ್ಷಿಕ ಹುಲ್ಲು. 15ರಿಂದ 24 ಡಿಗ್ರಿ ತಂಪಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಮಂಗಳೂರು, ಉಡುಪಿಯ ಸೆಕೆಯಲ್ಲಿ ಅದರ ಬೇರು ಸೊರಗುತ್ತದೆ. ಸೆಕೆಗೆ ತೇವವೂ ಸೇರಿದರೆ ಶಿಲೀಂಧ್ರ ಹತ್ತಿ ಹುಲ್ಲು ಕಂದು ಮಚ್ಚೆಗಳಾಗಿ ಕೊಳೆಯುತ್ತದೆ. ಬೀಜಕ್ಕೆ ದುಡ್ಡು ಸುರಿಯಬೇಡಿ.

ಗರಿಕೆ ಹಾಕಲು ಸೆಪ್ಟೆಂಬರ್ ಕೊನೆ ಒಳ್ಳೆಯದು. ಆಟಿಯ (ಜುಲೈ-ಆಗಸ್ಟ್) ಮಳೆಗೆ ನೆಟ್ಟರೆ ಮಣ್ಣಿನ ಜೊತೆ ಕಡ್ಡಿಯೂ ಕೊಚ್ಚಿಹೋಗುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲವಾದರೆ ಮೇಲೆ ಅರ್ಧ ಅಡಿಯಾದರೂ ಸಡಿಲ ಮಣ್ಣು ಬೇಕು. ನಮ್ಮ ಮಣ್ಣು ಹುಳಿ. 100 ಚದರಡಿಗೆ ಒಂದು ಕಿಲೋ ಕೃಷಿ ಸುಣ್ಣ ಬೆರೆಸಿ, ಎರಡು ವಾರ ಬಿಟ್ಟು 25 ಕಿಲೋ ಕಳಿತ ಹಟ್ಟಿಗೊಬ್ಬರ, ಒಂದೆರಡು ಬುಟ್ಟಿ ಸುಡುಮಣ್ಣು ಸೇರಿಸಿ. ಹಸಿ ಸಗಣಿ ಹಾಕಿದರೆ ಕಳೆಬೀಜವನ್ನೂ ಬಿತ್ತಿದಂತೆ.

ಜೇಕಿನ ಗಡ್ಡೆ ಮಾತ್ರ ಗರಿಕೆ ನೆಡುವ ಮೊದಲೇ ಅಗೆದು ಆರಿಸಬೇಕು. ಹುಲ್ಲು ಹಬ್ಬಿದ ಮೇಲೆ ಎಳೆದರೆ ಎಲೆ ಕೈಗೆ ಬರುತ್ತದೆ, ಗಡ್ಡೆ ಒಳಗೇ ಉಳಿದು ಮತ್ತೆ ಚಿಗುರುತ್ತದೆ.

ನೀರು ನಿಲ್ಲದಂತೆ ಹತ್ತು ಅಡಿಗೆ ಎರಡು ಇಂಚು ಇಳಿಜಾರು ಕೊಡಿ. ಮೂರು ಗೆಣ್ಣಿನ ಕಡ್ಡಿಗಳನ್ನು ನಾಲ್ಕು ಇಂಚಿಗೊಂದರಂತೆ, ಎರಡು ಗೆಣ್ಣು ಮಣ್ಣೊಳಗಿರುವಂತೆ ಊರಿ ಒತ್ತಿ. ಬೇರು ಬಿಡುವವರೆಗೆ ಮಳೆಯಿಲ್ಲದ ದಿನ ಬೆಳಗ್ಗೆ, ಸಂಜೆ ತೆಳುವಾಗಿ ನೀರು. ಎರಡು ಇಂಚು ಬೆಳೆದಾಗ ಮೊದಲ ಕಟಾವು. ಒಮ್ಮೆಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ.

ಮಾವಿನ ಮರದಡಿ ಗರಿಕೆ ಬಾರದು, ಅದಕ್ಕೆ ಬಿಸಿಲೇ ಬೇಕು. ಅಲ್ಲಿಗೆ ಅಗಲ ಎಲೆಯ ಕಾರ್ಪೆಟ್ ಹುಲ್ಲು ಹಾಕಿ.