ಗಾಳ ಹಾಕುವವರು ರೇನ್‌ಕೋಟ್ ಕೊಳ್ಳುವಾಗ

ಆಗುಂಬೆಯ ಆಸುಪಾಸಿನಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಂಥ ಮಳೆಯಲ್ಲಿ ಹಳ್ಳದ ದಂಡೆಯ ಮೇಲೆ ಮೂರು ನಾಲ್ಕು ಗಂಟೆ ಗಾಳ ಹಿಡಿದು ಕೂರುವವರಿಗೆ ಬೈಕ್ ಸವಾರರ ತೆಳು ರೇನ್‌ಕೋಟ್ ಸಾಲದು.  

ಕೋಟಿನ ಚೀಟಿಯಲ್ಲಿ 5,000 ಅಥವಾ 10,000 ಮಿ.ಮೀ. ಎಂದು ಬರೆದಿದ್ದರೆ, ಅಷ್ಟು ಎತ್ತರದ ನೀರಿನ ಒತ್ತಡವನ್ನು ಬಟ್ಟೆ ತಡೆಯುತ್ತದೆ ಎಂದರ್ಥ. ಆದರೆ ನೀರು ಒಳಗಿಳಿಯುವುದು ಹೆಚ್ಚಾಗಿ ಬಟ್ಟೆಯಿಂದಲ್ಲ, ಹೊಲಿಗೆಯಿಂದ. ಆದ್ದರಿಂದ ಕೋಟನ್ನು ಒಳಹೊರಗು ಮಾಡಿ, ಪ್ರತಿ ಹೊಲಿಗೆಯ ಮೇಲೂ ಟೇಪು ಅಂಟಿಸಿದ್ದಾರೆಯೇ ಎಂದು ಬೆರಳಾಡಿಸಿ ನೋಡಬೇಕು. ಕಂಕುಳಲ್ಲಿಯೂ ಟೊಪ್ಪಿಗೆಯ ಬುಡದಲ್ಲಿಯೂ ಅದು ತಪ್ಪಿಹೋಗಿರುವುದುಂಟು.

ಬೆವರಿನ ಆವಿಯನ್ನು ಹೊರಬಿಡುವ ದುಬಾರಿ ಬಟ್ಟೆಯ ಬಗ್ಗೆ ನನಗೆ ಅಷ್ಟು ಮೋಹವಿಲ್ಲ. ಹೊರಗಿನ ಗಾಳಿಯಲ್ಲಿ ತೇವ ಕಡಿಮೆಯಿದ್ದಾಗ ಮಾತ್ರ ಆವಿ ಸರಾಗವಾಗಿ ಹೊರಹೋಗುತ್ತದೆ; ಜುಲೈ ತಿಂಗಳ ಮಲೆನಾಡಿನಲ್ಲಿ ಗಾಳಿಯೇ ನೀರಾಗಿರುತ್ತದೆ. ಕೂತೇ ಮೀನು ಹಿಡಿಯುವವರಿಗೆ ದಪ್ಪ ಪಿವಿಸಿ ಕೋಟು ಸಾಕು. ಗುಡ್ಡ ಹತ್ತಿಳಿದು ಹೋಗುವವರು ಕಂಕುಳಲ್ಲಿ ಜಿಪ್ ಇರುವುದನ್ನು ಕೊಳ್ಳುವುದು ಮೇಲು. ಬಿದಿರು, ಎಲೆಗಳಿಂದ ಹೆಣೆದು ನಮ್ಮ ಹಿರಿಯರು ಹೊದೆಯುತ್ತಿದ್ದ ಗೊರಬಿನಲ್ಲಿ ಈ ತಾಪತ್ರಯವೇ ಇರಲಿಲ್ಲ: ಬೆನ್ನಿಗೆ ಮುಚ್ಚಿಗೆ, ಎದುರಿಗೆ ಬಯಲು. ಆದರೆ ಅದು ಗದ್ದೆಯಲ್ಲಿ ಬಗ್ಗಿ ನೆಟ್ಟಿ ಮಾಡುವವರಿಗೆ ಹೇಳಿಮಾಡಿಸಿದ್ದೇ ಹೊರತು ಗಾಳ ಬೀಸುವವರಿಗಲ್ಲ.

ಅಂಗಡಿಯಲ್ಲೇ ಕೋಟು ತೊಟ್ಟು, ಗಾಳ ಬೀಸುವಂತೆ ಕೈಯೆತ್ತಿ ನೋಡಿ. ಅಂಚು ಸೊಂಟಕ್ಕಿಂತ ಮೇಲೇರಿದರೆ ಒಂದು ಅಳತೆ ದೊಡ್ಡದು ಬೇಕು. ಎತ್ತಿದ ಕೈಯ ಮುಂಗೈಯಿಂದ ನೀರು ಮೊಣಕೈವರೆಗೂ ಹರಿಯುವುದರಿಂದ ತೋಳಿನ ತುದಿಯಲ್ಲಿ ಬಿಗಿಯುವ ಪಟ್ಟಿ ಇರಲೇಬೇಕು. ಟೊಪ್ಪಿಗೆಯ ಒಳಗೆ ಮುಂಚಾಚಿನ ಕ್ಯಾಪು ಹಾಕಿಕೊಂಡರೆ ಹನಿ ಕಣ್ಣಿಗೆ ಬೀಳುವುದಿಲ್ಲ.

ಪ್ಯಾಂಟು ಗಂಬೂಟಿನ ಹೊರಗಿರಲಿ, ಒಳಗೆ ತುರುಕಿದರೆ ಬೂಟು ಕೊಡವಾಗುತ್ತದೆ. ಗಂಬೂಟು ತೊಟ್ಟು ಹರಿವ ನೀರಿಗೆ ಇಳಿಯಬಾರದು. ಕರಾವಳಿಯಲ್ಲಿ ಜೂನ್, ಜುಲೈ ತಿಂಗಳ ಯಾಂತ್ರಿಕ ಮೀನುಗಾರಿಕೆಯ ನಿಷೇಧದ ಹೊತ್ತಿನಲ್ಲಿ ನಾಡದೋಣಿ ಏರುವವರು ಎದ್ದುಕಾಣುವ ಕಿತ್ತಳೆ ಬಣ್ಣದ ಕೋಟನ್ನೇ ಆರಿಸಿ, ಲೈಫ್ ಜಾಕೆಟನ್ನು ಅದರ ಮೇಲೆ ತೊಡಬೇಕು.

ಮನೆಗೆ ಬಂದ ಮೇಲೆ ಕೋಟನ್ನು ನೆರಳಿನ ಗಾಳಿಗೆ ಹರವಿ. ಒದ್ದೆಯಾಗಿಯೇ ಮಡಚಿಟ್ಟರೆ ಒಳಗಿನ ಲೇಪ ಬರಬರುತ್ತ ಅಂಟಂಟಾಗಿ ಸುಲಿಯುತ್ತದೆ. ಬೇಗ ಒಣಗಲೆಂದು ಬಚ್ಚಲೊಲೆಯ ಮೇಲಿನ ಗಳಕ್ಕೆ ನೇತುಹಾಕಿದ ನನ್ನ ಕೋಟಿನ ಟೇಪು, ಮರುದಿನ ಹಾವಿನ ಪೊರೆಯಂತೆ ಜೋತುಬಿದ್ದಿತ್ತು.