ಕುಂಬಳಕಾಯಿ ಹರಾಜಿನ ದುಡ್ಡು

ನಮ್ಮ ಚರ್ಚಿನ ಸಭೆಗೆ ನಾನು 11 ವರ್ಷದಿಂದ ಖಜಾಂಚಿ. ಸುಗ್ಗಿ ಹಬ್ಬದ ದಿನ ಜನ ತಂದ ತೆಂಗಿನಕಾಯಿ, ಬಾಳೆಗೊನೆ, ಕೋಳಿ, ಕುಂಬಳಕಾಯಿ ಎಲ್ಲ ಆರಾಧನೆ ಮುಗಿದ ಮೇಲೆ ಹರಾಜಾಗುತ್ತವೆ. ಆ ದುಡ್ಡಿನ ಲೆಕ್ಕ ನನ್ನದು. ಕಳೆದ ವಾರ್ಷಿಕ ಸಭೆಯಲ್ಲಿ ಒಬ್ಬ ಹುಡುಗ ಎದ್ದು ನಿಂತ. ಸಂಡೇ ಸ್ಕೂಲ್‌ನಲ್ಲಿ ನಾನೇ ಪಾಠ ಹೇಳಿದವನು. "ಕುಂಬಳಕಾಯಿ ದುಡ್ಡು ಯಾರ ಜೇಬಿಗೆ ಹೋಯ್ತು ಅಂಕಲ್?" ಅಂದ. ಹಿಂದಿನ ಬೆಂಚಿನವರು ನಕ್ಕರು.

ಮೈ ಉರಿಯಿತು. ಆದರೆ ರೇಗಿದರೆ ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತಿತ್ತು! "ನೋಡಿ ಹೇಳ್ತೀನಿ" ಅಂದು ಕೂತೆ. ಎಲ್ಲರೂ ಅದನ್ನು ದೀನತೆ ಅಂದುಕೊಂಡರು. ನಿಜ ಹೇಳಬೇಕೆಂದರೆ ಮಾತೇ ಹೊರಡಲಿಲ್ಲ, ಅಷ್ಟೇ.

ರಾತ್ರಿ ವಾಟ್ಸಾಪ್‌ನಲ್ಲಿ ಅವನಿಗೆ ಉದ್ದನೆಯ ಉತ್ತರ ಬರೆದೆ, ಅವರಪ್ಪನ ಹಳೇ ಸಾಲವನ್ನೂ ಸೇರಿಸಿ. ಕಳಿಸಲಿಲ್ಲ. ಸತ್ಯವೇದ, ಅಂದರೆ ಬೈಬಲ್, ತೆಗೆದು 2 ಸಮುವೇಲ 16 ಓದಿದೆ. ಮಗ ಅಬ್ಷಾಲೋಮನ ದಂಗೆಗೆ ಹೆದರಿ ರಾಜ ದಾವೀದ ಊರು ಬಿಟ್ಟು ಹೋಗುತ್ತಿರುತ್ತಾನೆ. ಶಿಮ್ಮೀ ಅನ್ನುವವನು ಕಲ್ಲು ತೂರುತ್ತಾ ಶಪಿಸುತ್ತಾನೆ. ಅವನ ತಲೆ ತೆಗೆಯುತ್ತೇನೆ ಅಂತ ದಾವೀದನ ಕಡೆಯ ಅಬೀಷೈ ಹೊರಟರೆ ದಾವೀದ ತಡೆಯುತ್ತಾನೆ. ಶಪಿಸಲಿ ಬಿಡು, ಕರ್ತನೇ ಅವನಿಗೆ ಹೇಳಿದ್ದಾನೆ ಅನ್ನುತ್ತಾನೆ. ನನ್ನ ಕಣ್ಣು ಅಲ್ಲೇ ನಿಂತಿತು. ಹುಡುಗನ ಮಾತಿನಲ್ಲಿ ನಾನು ಕೇಳಬೇಕಾದ್ದು ಏನಾದರೂ ಇತ್ತಾ?

ಬೆಳಗ್ಗೆ ರಸೀದಿ ಪುಸ್ತಕ ತೆಗೆದೆ. ಮೂರು ವಸ್ತುಗಳಿಗೆ ರಸೀದಿಯೇ ಇಲ್ಲ. ಇಬ್ಬರು "ಆಮೇಲೆ ಕೊಡ್ತೀನಿ" ಅಂದವರು ಕೊಟ್ಟಿರಲಿಲ್ಲ. ಮೂರನೆಯದು ಅದೇ ಕುಂಬಳಕಾಯಿ, 1,200 ರೂಪಾಯಿ. ದುಡ್ಡು ಬಂದಿತ್ತು, ಬ್ಯಾಂಕಿಗೂ ಕಟ್ಟಿದ್ದೆ, ರಸೀದಿ ಮಾತ್ರ ಬರೆದಿರಲಿಲ್ಲ. ಕಳ್ಳತನ ಅಲ್ಲ. ಸೋಮಾರಿತನ ಹೌದು.

"ಅಯ್ಯನವರನ್ನ ಕರ್ಕೊಂಡು ಹೋಗಿ" ಅಂದಳು ಹೆಂಡತಿ, ನಮ್ಮ ಪಾದ್ರಿಯವರನ್ನು. ಮತ್ತಾಯ 18:15ರಲ್ಲಿ ಮೊದಲು ಇಬ್ಬರೇ ಇರುವಾಗ ಮಾತಾಡು ಅಂತಿದೆ. ಒಬ್ಬನೇ ಹೋದೆ. ಪುಸ್ತಕ ಅವನ ಕೈಗೆ ಕೊಟ್ಟು, ರಸೀದಿ ಬರೆಯದ್ದು ನನ್ನ ತಪ್ಪು ಅಂದೆ. ಆಮೇಲೆ ಕೇಳಿದೆ: "ನನ್ನನ್ನೇ ಬಂದು ಕೇಳಬಹುದಿತ್ತಲ್ವಾ? ಜೇಬಿಗೆ ಅಂತ ಯಾಕಂದೆ?"

ಇದನ್ನು ಕೇಳಬಾರದಿತ್ತು ಅಂತ ಸಭೆಯ ಕೆಲವು ಹಿರಿಯರು ಹೇಳಿದರು. ನಾನು ಒಪ್ಪಲ್ಲ. ವಿಚಾರಣೆಯಲ್ಲಿ ಕಾವಲುಗಾರ ಕೆನ್ನೆಗೆ ಹೊಡೆದಾಗ ಯೇಸುಸ್ವಾಮಿ ಸುಮ್ಮನಿರಲಿಲ್ಲ. ತಪ್ಪು ಹೇಳಿದ್ದರೆ ತೋರಿಸು, ಸರಿಯಾಗಿದ್ದರೆ ಯಾಕೆ ಹೊಡೆದೆ ಅಂತ ಕೇಳಿದರು. ಯೋಹಾನ 18:23.

ಹುಡುಗ ನೆಲ ನೋಡುತ್ತಾ "ಎಲ್ಲರೂ ಹಾಗೇ ಮಾತಾಡ್ತಿದ್ರು" ಅಂದ. ಕ್ಷಮೆ ಕೇಳಲಿಲ್ಲ. ಅವರಮ್ಮ ಟೀ ಕೊಟ್ಟರು, ಕುಡಿದು ಬಂದೆ.

ಕಷ್ಟ ಶುರುವಾಗಿದ್ದು ಆಮೇಲೆ. ಅವನು ಹಾಡುವಾಗ ಸ್ವರ ತಪ್ಪಿದರೆ ಒಳಗೊಳಗೇ ಖುಷಿ! ದಾವೀದನ ಕಥೆಯೂ ಹಾಗೇ. ಸಾಯುವಾಗ ಮಗ ಸೊಲೊಮೋನನನ್ನು ಕರೆದು, ಶಿಮ್ಮೀಯನ್ನು ಸುಮ್ಮನೆ ಬಿಡಬೇಡ ಅನ್ನುತ್ತಾನೆ. 1 ಅರಸುಗಳು 2ರಲ್ಲಿದೆ. ಅಷ್ಟು ವರ್ಷ ಮನಸ್ಸಿನಲ್ಲಿ ಲೆಕ್ಕ ಇಟ್ಟಿದ್ದ. ಓದಿ ನನಗೆ ಭಯವಾಯಿತು. ಆ ವಾಟ್ಸಾಪ್ ಉತ್ತರವನ್ನು ನಾನಿನ್ನೂ ಅಳಿಸಿರಲಿಲ್ಲ. ಅವತ್ತು ಅಳಿಸಿದೆ.

ಮುಂದಿನ ಭಾನುವಾರ ಕಾಣಿಕೆ ಎಣಿಸಲು ಜೊತೆಗೆ ಬಾ ಅಂತ ಅವನನ್ನೇ ಕರೆದೆ. ಬರಲ್ಲ ಅಂದುಕೊಂಡಿದ್ದೆ, ಬಂದ. ಈಗ ಪ್ರತಿ ವಾರ ಬರುತ್ತಾನೆ, ಜಾಸ್ತಿ ಮಾತಿಲ್ಲ. ನೋಟನ್ನು ನನಗಿಂತ ಬೇಗ ಎಣಿಸುತ್ತಾನೆ. ಚಿಲ್ಲರೆಯೆಲ್ಲ ನನ್ನ ಕಡೆ ತಳ್ಳುತ್ತಾನೆ.