ಕಥೆ ಓದ್ವಾಗ ಸೋತ ಪುಟದಲ್ಲೇ ನಿಲ್ಸಿಬಿಡಿ

ಮುಂಬೈ ಸುತ್ತಮುತ್ತ ಡೊಂಬಿವಲಿ, ಮುಲುಂಡ್, ವಡಾಲಾ ಕಡೆ ಭಾನುವಾರ ಕನ್ನಡ ಕ್ಲಾಸ್ ತಗೊಳ್ಳೋರಿಗೆ ಇದು ಗೊತ್ತೇ ಇರತ್ತೆ, ನಮ್ಮ ಮಕ್ಳು ಮನೇಲಿ ತುಳು, ಬಿಲ್ಡಿಂಗಲ್ಲಿ ಹಿಂದಿ-ಮರಾಠಿ, ಸ್ಕೂಲಲ್ಲಿ ಇಂಗ್ಲಿಷು, ಕನ್ನಡ ಅಕ್ಷರ ಕಂಡ ಕೂಡ್ಲೇ "ಟೀಚರ್ ನಂಗ್ ಬರಲ್ಲ" ಅಂತ ಪೆನ್ಸಿಲ್ ಕೆಳಗಿಟ್ಬಿಡ್ತಾರೆ. ಅಂಥವ್ರಿಗೆ ಚಿತ್ರಪುಸ್ತಕ ಕೊಡಿ, ಐದನೇ ಕ್ಲಾಸಿನವ್ರಾದ್ರೂ ಸರಿ, ಚಿತ್ರ ನೋಡಿ ಕಥೆ ಹೇಳೋಕೆ ಯಾರೂ ಹೆದರಲ್ಲ.

ಪುಸ್ತಕ ಆರಿಸ್ವಾಗ ಒಂದೇ ನೋಡಿ, ಅದ್ರಲ್ಲಿರೋ ಹುಡುಗನೋ ಹುಡುಗಿನೋ ಏನೋ ಮಾಡೋಕೆ ಹೋಗಿ ಕೆಡಿಸಿ ಸಿಟ್ಟು ಮಾಡ್ಕೊಂಡು ಮತ್ತೆ ಕೈ ಹಾಕ್ಬೇಕು. ಕೊನೇಲಿ ತಾತ ಬಂದು ಬುದ್ಧಿ ಹೇಳೋ ಪುಸ್ತಕ ದಯವಿಟ್ಟು ಬೇಡ. 2014ರಲ್ಲಿ ಬಂದ ಆಶ್ಲಿ ಸ್ಪೈರ್ಸ್ ಅವರ 'ದಿ ಮೋಸ್ಟ್ ಮ್ಯಾಗ್ನಿಫಿಸೆಂಟ್ ಥಿಂಗ್' ಇದಕ್ಕೆ ಹೇಳಿ ಮಾಡ್ಸಿದ್ದು, ಇಂಗ್ಲಿಷಲ್ಲಿದ್ರೂ ಚಿತ್ರ ತೋರಿಸ್ತಾ ಕನ್ನಡದಲ್ಲೇ ಹೇಳ್ಬೋದು. ದುಡ್ಡು ಖರ್ಚು ಬೇಡ ಅಂದ್ರೆ ಪ್ರಥಮ್ ಬುಕ್ಸ್‌ನವ್ರ ಸ್ಟೋರಿವೀವರ್ ವೆಬ್‌ಸೈಟ್ ಇದೆ, ಕನ್ನಡ ಕಥೆ ಬೇಕಾದಷ್ಟು ಸಿಗತ್ತೆ, ಫ್ರೀ ಡೌನ್‌ಲೋಡು, ಪ್ರಿಂಟ್ ತೆಗೆಯೋಕೂ ಅಡ್ಡಿ ಇಲ್ಲ.

ಓದೋಕೆ ಮುಂಚೆ ಕೊನೇ ಪುಟಗಳಿಗೆ ಕ್ಲಿಪ್ ಹಾಕಿ, ಯಾಕಂದ್ರೆ ನಾವು ಟೀಚರ್‌ಗಳು ಮಾಡೋದೇನು ಅಂದ್ರೆ ಸೋತ ಪುಟ ಸರ್ರಂತ ದಾಟ್ಸಿ ಗೆದ್ದ ಪುಟಕ್ಕೆ ಓಡ್ತೀವಿ. ಅಸಲಿ ಕ್ಲಾಸ್ ಇರೋದು ಸೋತಲ್ಲೇ. ಅಲ್ಲಿ ನಿಲ್ಸಿ ಕೇಳಿ, ಇದು ಯಾಕೆ ಕೆಡ್ತು, ಕೆಟ್ಟಿದ್ರಲ್ಲೂ ಯಾವ ಭಾಗ ಚೆನ್ನಾಗಿದೆ, ನೀನಾಗಿದ್ರೆ ಮುಂದೆ ಏನ್ ಮಾಡ್ತಿದ್ದೆ. ಉತ್ತರ ಮರಾಠಿಲಿ ಬಂದ್ರೂ ತಡೀಬೇಡಿ, ಆಮೇಲೆ ಕನ್ನಡಕ್ಕೆ ತಿರುಗ್ಸಿ. "ಈ ಕಥೆಯ ನೀತಿ ಏನು" ಅಂತ ಮಾತ್ರ ಕೇಳ್ಬೇಡಿ, ಅಲ್ಲಿಗೆ ಮಕ್ಳು ಆಕಳಿಸ್ತಾರೆ.

ಕ್ಲಿಪ್ ತೆಗೆಯೋ ಮೊದ್ಲೇ ಕೈಕೆಲ್ಸ. ಕಿಂಗ್ಸ್ ಸರ್ಕಲ್‌ನಲ್ಲಿ ಮಳೆ ನೀರು ತುಂಬಿದೆ, ಅಜ್ಜಿ ಆಚೆ ದಾಟ್ಬೇಕು, ದೋಣಿ ಮಾಡಿ ಅನ್ನಿ. ಅಜ್ಜಿ ಅಂದ್ರೆ ಒಂದು ಕಬ್ಬಿಣದ ಬೀಗ, ಕಿಂಗ್ಸ್ ಸರ್ಕಲ್ ಅಂದ್ರೆ ಬಕೆಟ್ಟು. ಸ್ವೀಟ್ ಬಾಕ್ಸು, ಹಳೇ ಮದುವೆ ಕಾರ್ಡು, ಹಾಲಿನ ಪ್ಯಾಕೆಟ್ಟು, ದಾರ, ಗಮ್ ಟೇಪು ಸಾಕು, ಮಕ್ಳ ಹತ್ರ ಇರೋ ಅಳಿಸೋ ರಬ್ಬರ್ ಎಲ್ಲಾ ಮೊದ್ಲೇ ಇಸ್ಕೊಂಡಿಟ್ಬಿಡಿ, ಡಿಸೈನ್ ಬರೆದಿದ್ದನ್ನ ಯಾರೂ ಅಳಿಸೋ ಹಾಗಿಲ್ಲ, ಪಕ್ಕದಲ್ಲೇ ಇನ್ನೊಂದು ಬರೀಬೇಕು. ಮೊದಲ್ನೇ ಸಲ ಸುಮಾರು ದೋಣಿ ಮುಳುಗತ್ವೆ, ತಳ ಕಿರಿದಾಗಿದ್ರೆ ಅಜ್ಜಿ ಮಗುಚಿ ಬೀಳ್ತಾರೆ, ರಟ್ಟು ನೀರು ಹೀರ್ಕೊಂಡು ಮೆತ್ತಗಾಗತ್ತೆ. ಹಾಲಿನ ಪ್ಯಾಕೆಟ್ ಸುತ್ತೋದು, ತಳ ಅಗಲ ಮಾಡೋದು ಅವ್ರಿಗೇ ಹೊಳೀಲಿ, ನೀವು ಬಾಯಿ ಬಿಡ್ಬೇಡಿ.

ಹೊಗಳೋದ್ರಲ್ಲೂ ಹುಷಾರು. 1998ರಲ್ಲಿ ಮನಃಶಾಸ್ತ್ರಜ್ಞರಾದ ಕ್ಲಾಡಿಯಾ ಮ್ಯುಲರ್, ಕ್ಯಾರಲ್ ಡ್ವೆಕ್ ಐದನೇ ಕ್ಲಾಸ್ ಮಕ್ಳ ಮೇಲೆ ಮಾಡಿದ್ದ ಸ್ಟಡೀಲಿ "ನೀನು ಜಾಣ" ಅಂತ ಹೊಗಳಿಸ್ಕೊಂಡವ್ರು ಒಂದ್ಸಲ ಎಡವಿದ್ಮೇಲೆ ಬೇಗ ಕೈಬಿಟ್ರು, ಪ್ರಯತ್ನಕ್ಕೆ ಹೊಗಳಿಸ್ಕೊಂಡವ್ರು ಮುಂದುವರ್ಸಿದ್ರು. ಅದಕ್ಕೇ "ಸೂಪರ್" ಅನ್ನೋ ಬದ್ಲು "ಟೇಪ್ ನಿಲ್ಲಲಿಲ್ಲ ಅಂತ ದಾರ ಕಟ್ಟಿದ್ಯಲ್ಲ" ಅಂತ ಕಂಡಿದ್ದನ್ನ ಹೇಳಿ.

ಮುಂದಿನ ವಾರ ಒಂದು ಎ4 ಹಾಳೆ ಮಡಚಿ, ನಡುವೆ ಕತ್ತರಿಸಿ ಎಂಟು ಪುಟದ ಪುಟಾಣಿ ಪುಸ್ತಕ ಮಾಡ್ಸಿ, ಅವರವ್ರ ದೋಣಿ ಕಥೆ ಅವರವ್ರೇ ಬರೀಲಿ, ಕಾಗುಣಿತ ಆಮೇಲೆ ನೋಡ್ಕೊಂಡ್ರಾಯ್ತು, ಆದ್ರೆ ನಡುವಿನ ಎರಡು ಪುಟದಲ್ಲಿ ದೋಣಿ ಮುಳುಗಿರ್ಲೇಬೇಕು. ಆಮೇಲೆ ಪೇರೆಂಟ್ಸ್‌ನ ಕರೀರಿ, ಬಕೆಟ್ ಹತ್ರ ಮಾತ್ರ ಬಿಡ್ಬೇಡಿ, ಪೂರ್ತಿ ದೋಣಿ ಅವ್ರೇ ಕಟ್ಟಿಕೊಟ್ಬಿಡ್ತಾರೆ.